ಊಟದ ಡಬ್ಬಿಯ ಬಟ್ಟೆ

ಲ್ಯಾಬಿನಲ್ಲಿ ನನ್ನನ್ನು ಎಲ್ಲರೂ ಸಿಡುಕಪ್ಪ ಅಂತಲೇ ಕರೆಯುವುದು. ಕರೆಯಲಿ, ನನಗೇನಂತೆ! ಹತ್ತಿ ಬಟ್ಟೆಯನ್ನು ಗಾಳಿಯಾಡದ ಕುಲುಮೆಯಲ್ಲಿ ಸುಟ್ಟು ಇಂಗಾಲದ ಹಾಳೆ ಮಾಡುವುದು ನನ್ನ ಕೆಲಸ. ಫೋನು, ರಾಡಾರುಗಳ ಅಲೆ ಆ ಹಾಳೆಗೆ ಬಡಿದು ವಾಪಸ್ ಬರಬಾರದು, ಒಳಗೇ ಇಂಗಿಹೋಗಬೇಕು. ನಮ್ಮ ಹಾಳೆಗಳೋ, ಅರ್ಧ ಅಲೆಯನ್ನು ಮುಖಕ್ಕೇ ಎಸೆಯುತ್ತಿದ್ದವು.

ಹೋದ ವರ್ಷ ಒಂದು ದಿನ ಸ್ಟೋರಿನ ಬಟ್ಟೆ ಮುಗಿದಿತ್ತು. ಹೆಂಡತಿ ನನ್ನ ಊಟದ ಡಬ್ಬಿಗೆ ಕಟ್ಟಿದ್ದ ಬಟ್ಟೆಯನ್ನೇ ಕುಲುಮೆಗಿಟ್ಟೆ. ಅದೂ ಸ್ಟೋರಿನ ತುಂಡೇ, ಯಾವತ್ತೋ ಮನೆಗೆ ಒಯ್ದದ್ದು. ಆ ಹಾಳೆ ನೂರಕ್ಕೆ ತೊಂಬತ್ತೊಂಬತ್ತು ಪಾಲು ಅಲೆಯನ್ನು ನುಂಗಿ ನೀರು ಕುಡಿಯಿತು! ಲ್ಯಾಬ್ ನಡೆಸುವ ಮೇಡಂ ಕುಣಿದಾಡಿದರು. ನಾನು ಗುಟ್ಟು ಬಿಡಲಿಲ್ಲ.

ಮನೆಯಲ್ಲಿ ಇವಳು ಮಾತ್ರ ಬೈದಳು. "ಅದನ್ನ ಅಷ್ಟು ಮೆತ್ತಗೆ ಮಾಡೋಕೆ ನಾನು ಏನೇನು ಮಾಡ್ತೀನಿ, ಗೊತ್ತಾ ನಿಮಗೆ?"

"ಗೊತ್ತು, ಗೊತ್ತು. ತಲೆ ತಿನ್ನಬೇಡ," ಎಂದೆ.

ಮೂರು ತಿಂಗಳಿಗೆ ಅವಳು ಹೋದಳು. ಎದೆನೋವು ಅಂದಳು, ಅಷ್ಟೇ.

ಆಮೇಲೆ ಸ್ಟೋರಿನ ಬಟ್ಟೆ ಎಷ್ಟು ಸುಟ್ಟರೂ ಆ ಫಲ ಬರಲಿಲ್ಲ. "ಶುಕ್ರವಾರದೊಳಗೆ ಇನ್ನೊಮ್ಮೆ ಮಾಡಿ, ಹೇಗೆ ಅಂತ ಬರೆದುಕೊಡದಿದ್ರೆ ನಮ್ಮ ಕೆಲಸಾನೇ ಮುಚ್ತಾರಂತೆ ಅಣ್ಣಾ," ಎಂದು ಮೇಡಂ ಕಣ್ಣೊರೆಸಿಕೊಂಡರು. ನಿಜ ಹೇಳಿಬಿಟ್ಟೆ. ಅಂಥದೇ ಇನ್ನೊಂದು ಬಟ್ಟೆ ಮನೆಯಲ್ಲಿತ್ತು, ಅವಳು ಕೊನೆಯದಾಗಿ ಒಗೆದು ಮಡಿಚಿಟ್ಟದ್ದು. ಆ ಮಡಿಕೆಯನ್ನು ನಾನು ಬಿಚ್ಚಿರಲೇ ಇಲ್ಲ.

ಮರುದಿನ ಅದನ್ನು ಲ್ಯಾಬಿಗೆ ತಂದೆ.

"ಬೇಡ ಅಣ್ಣಾ, ಇಟ್ಕೊಳ್ಳಿ."

"ಸುಮ್ನಿರಮ್ಮಾ!" ಎಂದು ಗದರಿ ಕುಲುಮೆಯೊಳಗಿಟ್ಟೆ. ಬಾಗಿಲು ನಾನೇ ಹಾಕಿದೆ.

ಬಂತು, ಮತ್ತೆ ಅದೇ ತೊಂಬತ್ತೊಂಬತ್ತು. ಮೇಡಂ ಪುಸ್ತಕ ಬಿಡಿಸಿ ಪೆನ್ನು ಹಿಡಿದರು. "ಬಟ್ಟೆ ನಮ್ಮ ಸ್ಟೋರಿಂದೇ. ಅಂದ್ರೆ ಗುಟ್ಟಿರೋದು ಒಗೆಯೋದ್ರಲ್ಲಿ. ಅತ್ತಿಗೆ ಏನು ಹಾಕಿ ಒಗೀತಿದ್ರು? ಹೇಳಿ, ಬರ್ಕೋತೀನಿ."

ಉಪ್ಪೇ? ಗಂಜಿಯೇ? ಬೂದಿಯೇ? ಮೂವತ್ತೊಂದು ವರ್ಷ ದಿನಾ ಆ ಊಟದ ಗಂಟು ಹಿಡಿದು ಹೊರಟವನು ನಾನು. ಬಚ್ಚಲಲ್ಲಿ ಅವಳು ಒಗೆಯುವ ಸದ್ದು ಕೇಳುತ್ತಿತ್ತು. ಒಮ್ಮೆಯೂ ಎದ್ದು ಹೋಗಿ ನೋಡಿದವನಲ್ಲ.

ಮೇಡಂ ಕಾಯುತ್ತಿದ್ದರು.

"ಗೊತ್ತಿಲ್ಲಮ್ಮಾ," ಎಂದೆ. "ಅವಳು ಹೇಳೋಕೆ ಬಂದಿದ್ಲು."