ಬುಗುರಿಯನ್ನು ಹಾಸ್ಟೆಲಿಗೆ ಹೊರಡಿಸಿದ ದಿನ

ಕೂತಲ್ಲಿ ಕೂರದ ಮಗು ಯಾವ ಬೀದಿಯಲ್ಲಿಲ್ಲ ಹೇಳಿ? ಆದರೆ ಇಸ್ತ್ರಿ ಅಂಗಡಿಯ ಆ ಏಳು ವರ್ಷದ ಹುಡುಗಿಯದು ಒಂದು ಕೈ ಮೇಲೆ. ಊಟಕ್ಕೆ ಕೂತರೆ ಎರಡು ತುತ್ತಿಗೆ ಎದ್ದಳು. ಪೆನ್ಸಿಲ್ ತರಲು ಹೋದರೆ ಪೆನ್ಸಿಲ್ ಮರೆತು ಬೆಕ್ಕಿನ ಹಿಂದೆ ಹೋದಳು. ಬೀದಿಯವರು ಅವಳಿಗೆ ಬುಗುರಿ ಎಂದು ಹೆಸರಿಟ್ಟಿದ್ದರು. ಆ ಹೆಸರು ಕೇಳಿ ತಾಯಿಯೂ ನಗುತ್ತಿದ್ದಳು, ನಿನ್ನೆಯವರೆಗೆ.

ನಿನ್ನೆ ಪಾಠದ ನಡುವೆ ಕಿಟಕಿಯಾಚೆ ಏನೋ ಕಂಡಿತೆಂದು ಬುಗುರಿ ನೇರ ರಸ್ತೆಗೆ ಓಡಿದ್ದಳು. ಲಾರಿಯವನು ಬ್ರೇಕ್ ಒತ್ತಿದ್ದರಿಂದ ಮಗು ಉಳಿಯಿತು. ಇಂಥವಳನ್ನು ಇಟ್ಟುಕೊಂಡು ಪಾಠ ಮಾಡುವುದು ಹೇಗೆ ಎಂದು ಟೀಚರು ಹೇಳಿ ಕಳಿಸಿದ್ದರು.

ಸುದ್ದಿ ಕೇಳಿ ಬೆಳಿಗ್ಗೆಯೇ ಬಂದಿಳಿದವಳು ನಾದಿನಿ, ಗಂಡನ ಅಕ್ಕ. ಅವಳ ಊರಿನಲ್ಲೊಂದು ಹಾಸ್ಟೆಲ್ ಶಾಲೆಯಿತ್ತು. ಅಲ್ಲಿ ಮಕ್ಕಳು ಸೀನಬೇಕಾದರೂ ಗಂಟೆ ಹೊಡೆಯುವವರೆಗೆ ಕಾಯುತ್ತಾರೆಂದು ಅವಳು ಹೆಮ್ಮೆಯಿಂದ ಹೇಳಿದಳು. ಮಧ್ಯಾಹ್ನದ ಬಸ್ಸಿಗೆ ಬುಗುರಿಯನ್ನು ಕರೆದೊಯ್ಯುವುದೆಂದು ಮಾತಾಯಿತು. ಅತ್ತೆ ಮೊಮ್ಮಗಳ ಫ್ರಾಕುಗಳನ್ನು ಚೀಲಕ್ಕೆ ತುಂಬತೊಡಗಿದರು.

ತಾಯಿ ಬೇಡವೆನ್ನಲಿಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬುಗುರಿ ಅಂಬೆಗಾಲಿಡುವಾಗ, ಕಾದ ಇಸ್ತ್ರಿಪೆಟ್ಟಿಗೆಗೆ ಕೈ ಹಾಕದಿರಲೆಂದು, ತಾಯಿ ಹಳೇ ಹೊದಿಕೆಯ ಪಟ್ಟಿಯೊಂದನ್ನು ಅವಳ ಸೊಂಟಕ್ಕೆ ಸುತ್ತಿ ಮೇಜಿನ ಕಾಲಿಗೆ ಕಟ್ಟುತ್ತಿದ್ದಳು. ಕೂಸನ್ನು ಕರುವಿನ ಹಾಗೆ ಕಟ್ಟಿಹಾಕಿದರೆ ಆಮೇಲೆ ಓಡದೆ ಇನ್ನೇನು ಮಾಡುತ್ತೆ ಎಂದು ಅತ್ತೆ ಆಗಾಗ ಚುಚ್ಚುತ್ತಿದ್ದರು. ಚುಚ್ಚಿದ್ದು ಒಳಗೇ ಉಳಿದಿತ್ತು. ಎತ್ತಿ ಆಡಿಸಬೇಕಾದ ಕಾಲದಲ್ಲಿ ನಾನು ಅಂಗಿ ತೀಡುತ್ತಿದ್ದೆ, ಮಗುವನ್ನು ಕೆಡಿಸಿದವಳು ನಾನೇ, ಇನ್ನು ನನ್ನ ಹತ್ತಿರವೇ ಇರಲಿ ಎನ್ನಲು ನನಗೇನು ಹಕ್ಕಿದೆ ಎಂದುಕೊಂಡು ಅವಳು ಇಸ್ತ್ರಿ ಮಾಡುತ್ತಲೇ ಇದ್ದಳು.

ಆ ಹೊತ್ತಿಗೆ ತಮ್ಮ ಯೂನಿಫಾರ್ಮ್ ಒಯ್ಯಲು ಬಂದವರು ಮಕ್ಕಳ ಆಸ್ಪತ್ರೆಯ ನರ್ಸ್. ತಾಯಿ ಕಾಲರಿನ ಮೇಲೆ ಕಣ್ಣಿಟ್ಟುಕೊಂಡೇ ಅವರಿಗೆ ಸ್ಟೂಲು ತೋರಿಸಿದಳು. ಕಣ್ಣೆತ್ತಿದರೆ ಬಟ್ಟೆ ಸುಡುವ ಕೆಲಸವದು. ಹಾಗೇ ತಲೆ ಬಗ್ಗಿಸಿಕೊಂಡು ಮಗಳಿಗೂ ಹೇಳುತ್ತಿದ್ದಳು.

"ಚಪ್ಪಲಿ ಹಾಕ್ಕೋ, ತಲೆ ಬಾಚ್ಕೋ, ಬಾಟ್ಲಿಗೆ ನೀರು ತುಂಬು, ಸೋದರತ್ತೆ ಹೇಳಿದ ಹಾಗೆ ಕೇಳು, ಅಲ್ಲಿ ಮುಟ್ಟಬೇಡ."

ಬುಗುರಿ ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡಳು. ಇನ್ನೊಂದು ಮೇಜಿನಡಿ ಕಂಡಿತು. ಅತ್ತ ನುಗ್ಗಿದಳು. ಇಸ್ತ್ರಿಪೆಟ್ಟಿಗೆಯ ವೈರು ಅವಳ ಕಾಲಿಗೆ ತೊಡರಿ ಪೆಟ್ಟಿಗೆ ತಾಯಿಯ ಕೈಯಿಂದ ಜಾರಿತು. ಮಗುವಿನ ಪಾದದಿಂದ ಒಂದು ಗೇಣು ಆಚೆ ಬಿದ್ದು, ನೆಲಹಾಸನ್ನು ಸುಟ್ಟು ಹೊಗೆ ಎಬ್ಬಿಸಿತು.

ನರ್ಸ್ ಎದ್ದು ಸ್ವಿಚ್ ಆರಿಸಿದರು. ತಾಯಿಯ ಕೈ ಹೊಡೆಯಲು ಮೇಲೆದ್ದಿತ್ತು.

"ಹೊಡಿ, ನೋಡ್ತಾ ಏನು ನಿಂತೆ?" ಎಂದಳು ನಾದಿನಿ. "ಎರಡು ಬಿದ್ರೆ ಎಲ್ಲ ಸರಿಹೋಗುತ್ತೆ. ಹೆಣ್ಣುಮಗು ಬೇರೆ."

"ಹೊಡೆದು ಸರಿಹೋಗೋದಾಗಿದ್ರೆ ಇಷ್ಟು ಹೊತ್ತಿಗೆ ಆಗಿರ್ತಿತ್ತಲ್ಲ ಅಕ್ಕ," ಎಂದರು ನರ್ಸ್.

ತಾಯಿ ಕೈ ಇಳಿಸಿ ಅಲ್ಲೇ ಕುಸಿದಳು. "ತಪ್ಪು ಅವಳದಲ್ಲ ಸಿಸ್ಟರ್. ಕೂಸಿದ್ದಾಗ ನಾನೇ ಕಟ್ಟಿಹಾಕಿ ಹೀಗೆ ಮಾಡಿದೆ."

ನರ್ಸ್ ಅವಳ ಪಕ್ಕ ನೆಲದ ಮೇಲೆಯೇ ಕೂತರು. ಇದು ಎ.ಡಿ.ಎಚ್.ಡಿ. ಎನ್ನುವ, ಗಮನವೂ ಮೈಯೂ ಒಂದೆಡೆ ನಿಲ್ಲದ ತೊಂದರೆ ಇರಬಹುದು, ಪರೀಕ್ಷೆ ಮಾಡಿದ ಡಾಕ್ಟರೇ ಹೇಳಬೇಕು ಎಂದರು. ಮಿದುಳು ಬೆಳೆಯುವ ರೀತಿಯಲ್ಲೇ ಇದರ ಬೇರು ಇರುತ್ತದೆ, ಎಷ್ಟೋ ಸಲ ಮನೆತನದಲ್ಲೇ ಹರಿದು ಬರುತ್ತದೆ, ತಾಯಿ ಕೆಲಸ ಮಾಡಿದ ಮಾತ್ರಕ್ಕೆ ಬರುವುದಲ್ಲ ಎಂದು ಬಿಡಿಸಿ ಹೇಳಿದರು. ಆಮೇಲೆ ಸುತ್ತ ನೋಡಿ, ಮನೆಯಲ್ಲಿ ಚಿಕ್ಕಂದಿನಲ್ಲಿ ಹೀಗೇ ಇದ್ದವರು ಬೇರೆ ಯಾರಾದರೂ ಇದ್ದರೇ ಎಂದು ಕೇಳಿದರು.

ವ್ಯಾನ್ ಓಡಿಸುವ ಗಂಡ ಎಂದಿನಂತೆ ಕೀಲಿ ಹುಡುಕುತ್ತಿದ್ದ. ಕೀಲಿ ಅವನ ಕೈಯಲ್ಲೇ ಇತ್ತು. ಅತ್ತೆ ಅವನನ್ನು ನೋಡಿದರು, ಮೊಮ್ಮಗಳನ್ನು ನೋಡಿದರು, ಫ್ರಾಕು ಮಡಿಸುವುದನ್ನು ನಿಲ್ಲಿಸಿದರು.

"ನನ್ನನ್ನೂ ಇಂಥದೇ ಹಾಸ್ಟೆಲಿಗೆ ಬಿಟ್ಟಿದ್ರಲ್ಲ," ಎಂದ ಅವನು ಅಕ್ಕನಿಗೆ. "ಕೂರೋದು ಕಲೀಲಿಲ್ಲ. ಕೋಲು ಕಂಡ್ರೆ ಸುಳ್ಳು ಹೇಳೋದು ಕಲಿತೆ."

ನಾದಿನಿ ಸೋಲಲಿಲ್ಲ. ಹುಟ್ಟಿನಿಂದ ಬಂದದ್ದಾದರೆ ತಾಯಿ ಹೇಗಿದ್ದರೇನು, ಹಾಸ್ಟೆಲಾದರೇನು ಎಂದು ಕೇಳಿದಳು.

"ಅಲ್ಲೇ ಇರೋದು ವಿಷಯ," ಎಂದರು ನರ್ಸ್. "ಹಸುಗೂಸಿಗೆ ಅಕ್ಕರೆಯ ಮುಖವೇ ಕಾಣದ ಹಾಗೆ ವರ್ಷಗಟ್ಟಲೆ ಬಿಟ್ರೆ ಅದರ ಗಮನಕ್ಕೂ ಪೆಟ್ಟು ಬೀಳಬಹುದು. ಇಲ್ಲಿ ಹಾಗಾಗಿಲ್ಲ, ಸುಟ್ಟುಕೊಳ್ಳದಿರಲಿ ಅಂತ ತಾಯಿ ಕಟ್ಟಿದ್ದು. ಆದರೆ ಇಂಥ ಮಗು ನಿತ್ಯ ಬೈಗಳ ತಿಂದ್ರೆ ಇನ್ನಷ್ಟು ಚದುರುತ್ತೆ. ಹಿಡಿದುಕೊಳ್ಳೋಕೆ ಒಬ್ಬರು ಬೇಕು ಅದಕ್ಕೆ. ನೋಡಮ್ಮ, ಆಗಿನಿಂದ ನೀನು ಅಷ್ಟೊಂದು ಮಾತು ಹೇಳ್ದೆ. ಒಂದನ್ನಾದ್ರೂ ಅವಳ ಮುಖ ನೋಡಿ ಹೇಳಿದ್ಯಾ?"

ತಾಯಿ ನೆನೆಸಿಕೊಂಡಳು. ಈ ದಿನವಷ್ಟೇ ಅಲ್ಲ, ಯಾವ ದಿನವೂ ಹೇಳಿರಲಿಲ್ಲ. ಮಗಳ ಜೊತೆಗಿನ ಅವಳ ಮಾತೆಲ್ಲ ಯಾರದೋ ಅಂಗಿಯ ಕಾಲರಿನ ಜೊತೆ ಆಗಿತ್ತು.

ಅವಳು ಮೇಜಿನಡಿ ಬಗ್ಗಿದಳು. ಗೋಡೆಗೆ ಅಂಟಿ ಕೂತಿದ್ದ ಬುಗುರಿ ಪೆಟ್ಟು ಬೀಳುತ್ತದೆಂದು ಕಣ್ಣು ಮುಚ್ಚಿದ್ದಳು. ತಾಯಿ ಅವಳ ಕೆನ್ನೆ ಹಿಡಿದು, ಕಣ್ಣು ತೆರೆಯುವವರೆಗೆ ಕಾದಳು. ಒಂದೇ ಮಾತು ಹೇಳಿದಳು: "ನನ್ನ ಹತ್ತಿರ ಬಾ."

ಬಂದಳು. ಬಂದು, ಎರಡು ಗಳಿಗೆ ತಾಯಿಯ ತೊಡೆಯ ಮೇಲೆ ಕೂತು, ಮತ್ತೆ ಎದ್ದು ಓಡಿದಳು. ನಾದಿನಿ ನಕ್ಕಳು. ತಾಯಿ ನಗಲಿಲ್ಲ.

"ಅಕ್ಕ, ನಾನು ಇವಳನ್ನ ಕಳಿಸಲ್ಲ," ಎಂದಳು. ಈ ಮನೆಗೆ ಬಂದಾಗಿನಿಂದ ದೊಡ್ಡವರಿಗೆ ಅವಳು ಇಲ್ಲವೆಂದದ್ದು ಅದೇ ಮೊದಲು. ಎಲ್ಲರೂ ಅತ್ತೆಯ ಬಾಯಿ ನೋಡಿದರು. ಅತ್ತೆ ಚೀಲ ಮಗುಚಿ ಫ್ರಾಕುಗಳನ್ನು ಮಂಚದ ಮೇಲೆ ಸುರಿದರು.

ಆಮೇಲೆ ಮಕ್ಕಳ ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರು ಎಲ್ಲವನ್ನೂ ಕೇಳಿ, ಪರೀಕ್ಷಿಸಿ, ಅದೇ ತೊಂದರೆಯೆಂದರು. ತಂದೆತಾಯಿಗೆ ಕೆಲವು ವಾರ ತರಬೇತಿ ಕೊಟ್ಟರು. ಟೀಚರ ಜೊತೆ ಮಾತಾಡಿ ಬುಗುರಿಯನ್ನು ಬಾಗಿಲಿನಿಂದ ದೂರ, ಮುಂದಿನ ಬೆಂಚಿನಲ್ಲಿ ಕೂರಿಸುವಂತೆ ಮಾಡಿದರು. ಔಷಧಿ ಬೇಕೋ ಬೇಡವೋ ಎಂಬುದನ್ನು ಅವರೇ ನೋಡುತ್ತಿದ್ದಾರೆ. ಬುಗುರಿ ಈಗಲೂ ಬುಗುರಿಯೇ. ಆದರೆ ಮಗಳಿಗೆ ಏನಾದರೂ ಹೇಳಬೇಕಾದಾಗ ತಾಯಿ ಇಸ್ತ್ರಿಪೆಟ್ಟಿಗೆ ನಿಲ್ಲಿಸುತ್ತಾಳೆ. ಗಿರಾಕಿ ಕಾಯುತ್ತಾನೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಹೀಗೆ ನಿಲ್ಲಲಾಗದ, ಮರೆಯುವ, ಕಾಯಲಾರದ ಮಗು ಇದ್ದರೆ, ತಾಯಿಯನ್ನು ದೂರಬೇಡಿ. ಮಗುವನ್ನು ಹೊಡೆಯಬೇಡಿ, ದೂರ ಕಳಿಸಿ ಕೈ ತೊಳೆದುಕೊಳ್ಳಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರಿಗೆ ತೋರಿಸಿ. ಹೆಣ್ಣುಮಗು, ದೊಡ್ಡವಳಾದ ಮೇಲೆ ತಾನೇ ಸರಿಹೋಗುತ್ತಾಳೆ ಎಂದು ತಳ್ಳಿಹಾಕಬೇಡಿ. ಮಾತು ಒಂದೊಂದೇ ಹೇಳಿ, ಮುಖ ನೋಡಿ ಹೇಳಿ, ಮಾಡಿದ್ದಷ್ಟನ್ನು ಮೆಚ್ಚಿ.

ಇದನ್ನು ಕೇಳಿ ಏಳುವ ಮುಂಚೆ ನಿಮ್ಮ ಮಗುವನ್ನು ಒಮ್ಮೆ ಹತ್ತಿರ ಕರೆಯಿರಿ. ಬೈಯಲಿಕ್ಕಲ್ಲ, ಸುಮ್ಮನೆ.