ಹತ್ತು ಜೊತೆ ಚಪ್ಪಲಿ

ವಾಡಿ ಜಂಕ್ಷನ್ನಿನಲ್ಲಿ ಗಾಡಿ ಇಳಿದ ಡ್ರೈವರು, ಗಾರ್ಡುಗಳು ಉಂಡು ಮಲಗಿ ಮತ್ತೆ ಡ್ಯೂಟಿಗೆ ಏಳುವ ಒಂದು ಉದ್ದನೆಯ ಕಟ್ಟಡವಿದೆ. ಅದಕ್ಕೆ ರನ್ನಿಂಗ್ ರೂಮ್ ಅನ್ನುತ್ತಾರೆ. ಅಲ್ಲಿ ಹತ್ತೊಂಬತ್ತು ವರ್ಷಗಳಿಂದ ರತ್ನಾಬಾಯಿಯದೇ ಅಡುಗೆ. ಸೊಲ್ಲಾಪುರದವರಿಗೆ ರೊಟ್ಟಿ ಬೇಕು, ಗುಂತಕಲ್ಲಿನವರಿಗೆ ಅನ್ನ ಬೇಕು, ಎಲ್ಲರಿಗೂ ಬಿಸಿಬಿಸಿಯಾಗಿ ಬೇಕು. ಅದನ್ನು ಬಿಟ್ಟರೆ ಅವಳಿಂದ ಯಾರಿಗೂ ಇನ್ನೇನೂ ಬೇಕಾಗಿರಲಿಲ್ಲ.

ಈ ಗುರುವಾರ ಮಾತ್ರ ಅವಳಿಗೇ ಅವರಿಂದ ಬೇಕಾಗಿದ್ದಿತು. ಹತ್ತು ಜನ ಗಂಡಸರು, ಕಾಲು ಗಂಟೆ ಹೊತ್ತು.

ಮಗಳು ಎಸ್ತರ್ ಕಲಬುರಗಿಯಲ್ಲಿ ನರ್ಸು. ಹೋದ ತಿಂಗಳು ಡೆಂಗಿ ಬಂದು, ಐದು ದಿನ ಕಣ್ಣು ಬಿಡದೆ ಆಸ್ಪತ್ರೆಯಲ್ಲಿ ಮಲಗಿಬಿಟ್ಟಿದ್ದಳು. ಐದನೆಯ ದಿನ ಐಸಿಯು ಹೊರಗಿನ ಬೆಂಚಿನ ಮೇಲೆ ಕೂತು ಯೇಸುಸ್ವಾಮಿಯನ್ನು ಬೇಡಿ ಬೇಡಿ ರತ್ನಾಬಾಯಿಯ ಬಾಯಿ ಒಣಗಿ ಹೋಗಿತ್ತು. ಆಗ ತನಗೇ ತಿಳಿಯದಂತೆ ಅಪ್ಪನ ಮಾತು ಹೊರಬಿದ್ದಿತ್ತು: "ಎಲಿಯಾ ಪ್ರವಾದಿ, ಮಗಳು ಕಣ್ಣು ತೆರೆದಳಂದ್ರ ನಿನ್ನ ಮಲೀದಾ ಮಾಡತೀನಿ." ಮರುದಿನ ಎಸ್ತರ್ ಕಣ್ಣು ತೆರೆದಳು. ಇಬ್ಬರಲ್ಲಿ ಯಾರು ತೆರೆಸಿದರೆಂದು ರತ್ನಾಬಾಯಿ ಕೇಳಲು ಹೋಗಲಿಲ್ಲ. ಆದರೆ ಬಾಯಿಂದ ಬಿದ್ದ ಹರಕೆಯನ್ನು ತೀರಿಸದೆ ಮಗಳ ಮುಖ ನೋಡುವ ಧೈರ್ಯವೂ ಅವಳಿಗಿರಲಿಲ್ಲ.

ಅವಳ ಅಪ್ಪ ರೂಬೆನ್ ಇದೇ ವಾಡಿಯಲ್ಲಿ ಗಾರ್ಡಾಗಿದ್ದವನು. ಕೊಂಕಣದಿಂದ ಬಂದ, ಮರಾಠಿ ಮಾತಾಡುವ ಯಹೂದಿ. ಏಳನೆಯ ವಯಸ್ಸಿನಲ್ಲಿ ರತ್ನಾಬಾಯಿಗೆ ವಿಷಮಜ್ವರ ಬಂದು ಹೋದಾಗ ಅವನೂ ಮಲೀದಾ ಮಾಡಿಸಿದ್ದ. ತೊಯಿಸಿದ ಅವಲಕ್ಕಿ, ಕೊಬ್ಬರಿ, ಸಕ್ಕರೆ, ಏಲಕ್ಕಿ, ಸುತ್ತ ಐದು ಬಗೆಯ ಹಣ್ಣು, ಮೇಲೆ ಗುಲಾಬಿಯ ಎಸಳು. ತಾಟಿನ ಸುತ್ತ ಹತ್ತು ಜನ ಗಂಡಸರು ಕೂತು ಹಾಡಬೇಕು, ಹಾಡಿದ ಮೇಲೆ ತಿನ್ನಬೇಕು. ಸೊಲ್ಲಾಪುರದಿಂದ, ಪುಣೆಯಿಂದ ಅವರದೇ ಮತದ ರೇಲ್ವೆಯವರು ಗಾಡಿ ಹತ್ತಿ ಬಂದಿದ್ದರು. ಅಪ್ಪ ಬಂದವರನ್ನು ಎಣಿಸಲಿಲ್ಲ. "ಮನಷ್ಯಾರ್ನ ಎಣಿಸಬಾರದವ್ವ, ದೃಷ್ಟಿ ಆಗ್ತದ," ಎಂದು ಬಾಗಿಲಿಗೆ ಹೋಗಿ ಚಪ್ಪಲಿ ಎಣಿಸಿದ. ಹತ್ತು ಜೊತೆ.

ಇಪ್ಪತ್ತೆರಡಕ್ಕೆ ಅವಳು ಭಂಕೂರಿನ ಕ್ರೈಸ್ತರ ಹುಡುಗ, ಕಲ್ಲು ಹಾಸುವ ಚಂದ್ರಾಮನನ್ನು ಕಟ್ಟಿಕೊಂಡಳು. ದೀಕ್ಷಾಸ್ನಾನ ತೆಗೆದುಕೊಂಡದ್ದು ಅವನಿಗಾಗಿ. ಯೇಸುವನ್ನು ನಿಜವಾಗಿ ನಂಬಿದ್ದು ಅವನು ಸತ್ತ ಮೇಲೆ. ಮಣ್ಣಿಗೆ ಬಂದವರೆಲ್ಲ ಮೂರನೆಯ ದಿನಕ್ಕೆ ಎದ್ದು ಹೋದರು, ಯೇಸು ಒಬ್ಬನೇ ಕೂತಿದ್ದ. ಅಂದಿನಿಂದ ಅಪ್ಪನ ಮನೆಯ ಪದ್ಧತಿಯಂತೆ ಶುಕ್ರವಾರ ಸಂಜೆ ದೀಪ ಹಚ್ಚುತ್ತಾಳೆ, ರವಿವಾರ ಬೆಳಿಗ್ಗೆ ಚರ್ಚಿಗೆ ಹೋಗುತ್ತಾಳೆ. ಎರಡರ ನಡುವೆ ಇರುವುದು ಒಂದು ಶನಿವಾರ, ಅಷ್ಟೇ ಅಂದುಕೊಂಡಿದ್ದಳು.

ಅಷ್ಟೇ ಅಲ್ಲ ಅನ್ನುವುದು ಈ ಹರಕೆಯಿಂದ ಗೊತ್ತಾಯಿತು. ಮೊದಲು ಕೊಂಕಣದ ಠಾಣೆ ಊರಿನಲ್ಲಿರುವ ಚಿಕ್ಕಪ್ಪನ ಮಗ ಸಿಮೋನನಿಗೆ ಫೋನು ಮಾಡಿದಳು. ಅವನು ಕೆಟ್ಟವನಲ್ಲ. ಎಸ್ತರಳ ಆರೋಗ್ಯ ಕೇಳಿದ, ಆಮೇಲೆ ತಡೆದು ಮರಾಠಿಯಲ್ಲಿ ಹೇಳಿದ: "ಅಕ್ಕಾ, ನೀ ನೀರು ಹಾಕಿಸಿಕೊಂಡಾಕಿ. ನಿನ್ನ ಸಲುವಾಗಿ ಹತ್ತು ಮಂದೀನ ಹ್ಯಾಂಗ ಕೇಳಲಿ? ಆ ಯೇಸೂನ ಬಿಟ್ಟು ಬಾ, ನಾನೇ ಎಲ್ಲಾರನ್ನೂ ಕರಕೊಂಡು ಬರತೀನಿ."

ಬಿಡುವುದು ಅಂದರೆ ಹೇಗೆಂದು ಅವಳಿಗೆ ತಿಳಿಯಲಿಲ್ಲ. ಎಲ್ಲರೂ ಹೋದ ಮೇಲೆ ಕೂತವನಿಗೆ ಎದ್ದು ನಡಿ ಅನ್ನುವುದು ಹೇಗೆ?

ಆಮೇಲೆ ಪಾಸ್ಟರ್ ಸುರೇಶಕುಮಾರರ ಬಳಿ ಹೋದಳು. ಚರ್ಚಿನ ಹತ್ತು ಜನ ಬಂದು ಕೂತರೂ ಸಾಕು ಎಂದಳು.

"ಮಲೀದಾ ಅಂದ್ರ ದರ್ಗಾದ್ದೇನ್ರಿ ಅಕ್ಕಾರ?"

"ಅಲ್ರಿ ಅಯ್ನೋರೆ, ಎಲಿಯಾಂದು. ಮನ್ನೆ ನೀವೇ ಅವನ ಮ್ಯಾಲ ಒಂದು ತಾಸು ಬೋಧನೆ ಮಾಡಿದ್ರೆಲ್ಲಾ, ಕಾಗಿ ರೊಟ್ಟಿ ತಂದು ಕೊಟ್ಟದ್ದು."

"ಅದು ಹಳೇ ಒಡಂಬಡಿಕಿ. ಯೇಸು ಬಂದ ಮ್ಯಾಲ ಅದೆಲ್ಲಾ ಮುಗೀತ್ರಿ. ಆ ಶುಕ್ರವಾರದ ದೀಪಾನೂ ಬಿಡ್ರಿ ಅಂತ ಎಷ್ಟು ಸರ್ತಿ ಹೇಳೀನಿ?"

"ಯೇಸುಸ್ವಾಮಿ ತಾಯಿ ಹಚ್ಚತಿದ್ದಿಲ್ಲೇನ್ರಿ?"

ಪಾಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. "ಆಕಿ ಹಚ್ಚಬಹುದ್ರಿ. ನೀವು ಹಚ್ಚಿದ್ರ ಸಭಾ ಹಿರಿಯಾರು ನನ್ನ ಬಿಡಂಗಿಲ್ಲ." ತಗ್ಗಿದ ದನಿಯಲ್ಲೇ ಮುಂದುವರಿಸಿದರು, "ಯಾವುದರ ಒಂದು ಹಿಡೀರಿ ಅಕ್ಕಾರ. ಮಲೀದಾ ಮಾಡಿದ್ರ, ಈ ಆಯ್ತವಾರ ಪ್ರಭುಭೋಜನದ ರೊಟ್ಟಿ ತಗೊಳ್ಳಾಕ ಮುಂದ ಬರಬ್ಯಾಡ್ರಿ."

ಹೀಗೆ ಉಳಿದದ್ದು ರನ್ನಿಂಗ್ ರೂಮು. ಗುರುವಾರ ಸಂಜೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸಹಾಯಕಿ ಅಖ್ತರ ಬೇಗಂ ತಾಟು ನೋಡಿ ನಕ್ಕಳು. "ಅವಲಕ್ಕಿ ಮಲೀದಾ ಎಲ್ಲ್ಯಾರ ಕಂಡೀಯೇನಕ್ಕಾ? ನಮ್ಮ ಮನ್ಯಾಗ ರೊಟ್ಟಿ ಮುರದು ಬೆಲ್ಲ ಹಾಕಿ ಮಾಡತೀವಿ." ನಗುತ್ತಲೇ ತನ್ನ ಮನೆಯಿಂದ ತಂದ ಎರಡು ಗುಲಾಬಿಯ ಎಸಳು ಬಿಡಿಸಿ ತಾಟಿನ ಮೇಲೆ ಉದುರಿಸಿದಳು. ಮೊಮ್ಮಗನಿಗೆ ಮೈ ಬಿಸಿಯೆಂದು ಆರಕ್ಕೇ ಮನೆಗೆ ಹೋದಳು.

ಊಟದ ಕೋಣೆಗೆ ಶೂ ಬಿಟ್ಟು ಬರಬೇಕೆಂಬುದು ರತ್ನಾಬಾಯಿಯ ಹಳೆಯ ಕಟ್ಟಪ್ಪಣೆ. ಏಳಕ್ಕೆ ಬಾಗಿಲಿಗೆ ಹೋಗಿ ನೋಡಿದಳು. ಎಂಟು ಜೊತೆ ಶೂ. ಸ್ವಲ್ಪ ಹೊತ್ತಿಗೆ ಒಂಬತ್ತು. ಒಳಗೆ ಗದ್ದಲ ಶುರುವಾಗಿತ್ತು.

"ಏನ್ ಬಾಯಿ, ತಾಟು ಮುಂದಿಟ್ಟು ಉಪಾಸ ಕೆಡವತೀರೇನು?"

"ಇನ್ನೊಬ್ಬರು ಬರಲಿ ತಡೀರಿ. ಹರಕಿ ಅದ."

ಕೊನೆಗೆ ಗೂಡ್ಸ್ ಗಾರ್ಡು ಶಹಬಾಜ ತಲೆ ಒರೆಸುತ್ತ ಬಂದ. ಹತ್ತು ಜೊತೆ. ರತ್ನಾಬಾಯಿಗೆ ಅಪ್ಪನೇ ಬಾಗಿಲಲ್ಲಿ ಬಗ್ಗಿ ನಿಂತಂತಾಯಿತು. ಸೆರಗು ತಲೆಗೆ ಹೊದ್ದು ತಾಟು ನಡುವೆ ಇಟ್ಟಳು, ಎಣ್ಣೆದೀಪ ಹಚ್ಚಿದಳು. ಮಾತು ನಿಂತಿತು. ಅಷ್ಟರಲ್ಲಿ ಗೋಡೆಯ ಫೋನು ಬಡಿದುಕೊಂಡಿತು. ಸಿಮೆಂಟ್ ಗಾಡಿ ತಯಾರಾಗಿದೆ, ಗಾರ್ಡು ಕೂಡಲೇ ಬರಬೇಕು.

"ಮಾಫ್ ಮಾಡ್ರಿ ಬಾಯಿ, ನನ್ನ ಗಾಡಿ." ಶಹಬಾಜ ಎದ್ದು ಬೊಗಸೆ ಒಡ್ಡಿದ. ಹಾಡುವ ಮೊದಲು ಕೊಡಬಾರದು. ಆದರೆ ಡ್ಯೂಟಿಗೆ ಹೊರಟ ಗಾರ್ಡನ್ನು ಅಪ್ಪನೂ ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಒಂದು ಹಿಡಿ ಕಾಗದದಲ್ಲಿ ಕಟ್ಟಿ ಕೊಟ್ಟಳು.

ಬಾಗಿಲಲ್ಲಿ ಒಂಬತ್ತು ಜೊತೆ ಉಳಿದವು. ಇನ್ನು ಬರುವ ಗಾಡಿ ಎರಡು ತಾಸಿಗೆ. ಒಳಗಿನವರು ಅಷ್ಟು ಹೊತ್ತು ಕೂರುವವರಲ್ಲ. ರತ್ನಾಬಾಯಿ ಶೂಗಳ ಸಾಲು ನೋಡುತ್ತ ನಿಂತಳು. ಹೆಂಗಸರನ್ನು ಅಪ್ಪ ಎಣಿಕೆಗೆ ಹಿಡಿಯುತ್ತಿರಲಿಲ್ಲ. ದೀಕ್ಷಾಸ್ನಾನ ಆದವರನ್ನಂತೂ ಇಲ್ಲವೇ ಇಲ್ಲ. ಅವಳು ಅಡುಗೆಮನೆಯ ರಬ್ಬರ್ ಚಪ್ಪಲಿ ಕಾಲಿಂದ ಕಳಚಿ, ಸಾಲಿನ ತುದಿಗೆ ನೇರವಾಗಿ ಇಟ್ಟಳು. ಒಳಗೆ ಹೋಗಿ ಶಹಬಾಜ ಎದ್ದ ಜಾಗದಲ್ಲಿ ಕೂತಳು.

ಯಹೂದಿಗಳ ಹಳೆಯ ಭಾಷೆಯ ಆ ಹಾಡಿನಲ್ಲಿ ಅವಳಿಗೆ ನೆನಪುಳಿದದ್ದು ಒಂದೇ ಸಾಲು. ಅದನ್ನೇ ಮೂರು ಸಲ ಹಾಡಿದಳು. ಭಾಷೆ ಯಾರಿಗೂ ತಿಳಿಯಲಿಲ್ಲ, ಅವಳಿಗೂ ಪೂರ್ತಿ ತಿಳಿಯದು. ಕಡೆಗೆ ಅವಳು ಆಮೆನ್ ಅಂದಾಗ, ಸೊಲ್ಲಾಪುರದವನೊಬ್ಬ ಮೆಲ್ಲಗೆ ಅಂದ, "ಆಮೆನ್." ಆಮೇಲೆ ಎಲ್ಲರೂ ತಿಂದರು.

"ಛಲೋ ಅದ ಬಾಯಿ. ಒಂದು ಹಸಿ ಮೆಣಸಿನಕಾಯಿ ಬಿದ್ದಿದ್ರ ಇನ್ನಾ ಮಜಾ."

ಎಂಟೂವರೆಗೆ ಶೂಗಳು ಒಂದೊಂದೇ ಎದ್ದು ಹೋದವು. ರತ್ನಾಬಾಯಿ ತಾಟು ತೊಳೆಯುತ್ತಿದ್ದಾಗ ಎಸ್ತರಳ ಫೋನು ಬಂತು.

"ಹತ್ತು ಮಂದಿ ಆದ್ರೇನವ್ವಾ?"

"ಆದರವ್ವ. ನನ್ನೂ ಹಿಡದು."

"ಮತ್ತ ಆಯ್ತವಾರ? ಪ್ರಭುಭೋಜನಕ್ಕ ಮುಂದ ಹೋಗತೀಯೇನು?"

"ಹೋಗತೀನಿ. ಕೊಟ್ರ ತಗೋತೀನಿ. ಕೊಡದಿದ್ರ ಒಂದೀಟು ನಿಂತು ಬರತೀನಿ. ನೀ ಗುಳಿಗಿ ತಗೊಂಡಿ?"

ತಗೊಂಡೆ ಅಂದಳು ಮಗಳು. ರತ್ನಾಬಾಯಿ ದೀಪ ಆರಿಸಲಿಲ್ಲ, ಎಣ್ಣೆ ಇರುವವರೆಗೆ ಉರಿಯಲಿ ಎಂದು ಬಿಟ್ಟಳು. ಹೊರಗೆ ಬಂದಾಗ ಬಾಗಿಲಲ್ಲಿ ಒಂದೇ ಜೊತೆ ಚಪ್ಪಲಿ ಇದ್ದಿತು. ಕಾಲು ತೂರಿಸಿ ಮನೆಯ ಕಡೆ ನಡೆದಳು.