ಪಕ್ಕದಲ್ಲಿ ಕೂತವರು

ಬೈಂಡಿಂಗ್ ಅಂಗಡಿಯಲ್ಲಿ ಇದ್ದದ್ದು ಒಂದೇ ಉದ್ದನೆಯ ಮೇಜು. ಗಂಡ ಹೆಂಡತಿ ಇಬ್ಬರೂ ಅದರ ಒಂದೇ ಬದಿಗೆ ಕೂರುತ್ತಿದ್ದರು. ಅವನು ಅಚ್ಚಾದ ಹಾಳೆಗಳನ್ನು ಮಡಚಿ ಅವಳ ಎಡಕ್ಕೆ ಸರಿಸುವುದು, ಅವಳು ಎತ್ತಿಕೊಂಡು ಸೂಜಿದಾರದಿಂದ ಹೊಲಿಯುವುದು. ಮಾತಾಡಬೇಕೆಂದರೆ ಯಾರೂ ತಲೆ ಎತ್ತಬೇಕಾಗಿರಲಿಲ್ಲ. ಬಾಯಿ ತೆರೆದರೆ ಸಾಕು, ಕೇಳುವ ಕಿವಿ ಪಕ್ಕದಲ್ಲೇ ಇತ್ತು. ಅವನಂತೂ ಬಾಯಿ ತೆರೆಯುತ್ತಿದ್ದದ್ದೇ ಕಡಿಮೆ. ಮಾತೆಲ್ಲ ಅವಳದು. ಅವಳ ಹೊಲಿಗೆ ನೋಡಿ ಅವನು ಇಟ್ಟ ಹೆಸರು ಸೂಜಿಮಲ್ಲಿ. ಅತ್ತೆಗೂ ಅದೇ ರೂಢಿಯಾಗಿತ್ತು.

ಕೆಲವು ವರ್ಷಗಳ ಹಿಂದೆ ಸೂಜಿಮಲ್ಲಿಯ ಕೈ ನಡುಗತೊಡಗಿತು. ಎದೆ ಡವಡವ, ಎಷ್ಟು ತಿಂದರೂ ಮೈಗೆ ಹತ್ತದು, ಎಲ್ಲರೂ ಹೊದ್ದು ಕೂತಿದ್ದಾಗ ಅವಳೊಬ್ಬಳಿಗೆ ಬೆವರು. ಗಂಟಲಿನ ಥೈರಾಯ್ಡ್ ಮಿತಿ ಮೀರಿ ಕೆಲಸ ಮಾಡುತ್ತಿದೆ ಎಂದು ಡಾಕ್ಟರು ಮಾತ್ರೆ ಕೊಟ್ಟರು. ಮಾತ್ರೆಗೆ ಬಗ್ಗದಿದ್ದಾಗ ಆಪರೇಷನ್ ಮಾಡಿ ಗ್ರಂಥಿಯ ಹೆಚ್ಚಿನ ಭಾಗವನ್ನು ತೆಗೆದರು. ಗಾಯ ಮಾಗುವವರೆಗೆ ಅತ್ತೆ ಅವಳ ತಲೆ ಬಾಚಿ ಜಡೆ ಹಾಕಿದರು. ಕತ್ತು ಎಳೆಯಬಾರದೆಂದು ಬಾಚಣಿಗೆಯನ್ನು ಬಿಟ್ಟು ಬೆರಳಿನಿಂದಲೇ ಸಿಕ್ಕು ಬಿಡಿಸಿದರು. ಸ್ವಲ್ಪ ಕಾಲ ಎಲ್ಲ ಸರಿಹೋಯಿತು. ಆಮೇಲೆ ನಡುಕ ಮರಳಿ ಬಂತು, ಜೊತೆಗೆ ತಲೆನೋವು, ಮೂಗಿನ ತುದಿಯಲ್ಲೇ ಸಿಟ್ಟು.

ಈ ಸಿಟ್ಟೇ ಮನೆಯವರ ದಾರಿ ತಪ್ಪಿಸಿತು. ಅವನು ಪಕ್ಕದಲ್ಲಿ ಬಂದು ಕೂತರೆ ಅವಳು ತಿರುಗುತ್ತಿರಲಿಲ್ಲ. ನೀರಿನ ಲೋಟ ಪಕ್ಕಕ್ಕಿಟ್ಟರೆ ಮುಟ್ಟುತ್ತಿರಲಿಲ್ಲ. ಹಳೆಯ ಗಿರಾಕಿಯಾದ ವಕೀಲರು ಪಕ್ಕದ ಬಾಗಿಲಲ್ಲಿ ನಿಂತು ನಕ್ಕರೂ ನಗುತ್ತಿರಲಿಲ್ಲ.

"ಏನೋ, ನಿನ್ನ ಹೆಂಡ್ತಿ ಮಹಾರಾಣಿ ಆಗಿಬಿಟ್ಲಾ?" ಎಂದರು ಅತ್ತೆ. "ಪಕ್ಕದಲ್ಲಿ ಕಂಬದ ಹಾಗೆ ನಿಂತ್ಕೊಂಡ್ರೂ ಕ್ಯಾರೇ ಅನ್ನಲ್ಲ."

"ಸುಮ್ನಿರಮ್ಮ. ನನ್ ಮೇಲೆ ಏನೋ ಕೋಪ ಇರ್ಬೇಕು. ಇಳಿಯತ್ತೆ ಬಿಡು."

ಕೋಪ ಇಳಿಯಲೆಂದು ಅವನು ತನಗೆ ತಿಳಿದ ಮಟ್ಟಿಗೆ ಹೊಂದಿಕೊಂಡ. ಮಡಚಿದ ಹಾಳೆಗಳನ್ನು ಅವಳ ಎದುರಿಗೇ ಇಡತೊಡಗಿದ. ಅಂಟಿನ ಬಟ್ಟಲು, ಕತ್ತರಿ, ಲೋಟ ಎಲ್ಲವೂ ಎದುರಿಗೆ ಬಂದವು. ಗಿರಾಕಿ ಬಂದರೆ ಅವಳಿಗಿಂತ ಮೊದಲು ತಾನೇ ಎದ್ದು, "ಅವಳು ಎಳೆ ಎಣಿಸ್ತಿದಾಳೆ ಸಾರ್, ತಲೆ ಎತ್ತಿದ್ರೆ ತಪ್ಪಿಹೋಗತ್ತೆ" ಎನ್ನುತ್ತಿದ್ದ. ರಸ್ತೆ ದಾಟುವಾಗ ಮೊಣಕೈ ಹಿಡಿಯುತ್ತಿದ್ದ. ಅಟ್ಟದ ಏಣಿಯನ್ನು ಗೋಡೆಗೆ ಒರಗಿಸಿಟ್ಟ. ಹೀಗೆ ಅವಳು ಎಡವಬಹುದಾದ ಒಂದೊಂದು ವಸ್ತುವೂ ತಾನಾಗಿ ದಾರಿ ಬಿಟ್ಟಿತು. ನಡುಗುವ ಕೈಯನ್ನು ಮೇಜಿಗೆ ಊರಿ ಹೊಲಿದರೂ ಅವಳ ಹೊಲಿಗೆಯಂತೂ ಎಂದಿನಂತೆ ಕೂದಲೆಳೆಯೂ ಆಚೀಚೆ ಆಗದಷ್ಟು ನೇರ. ನೇರವಾಗಿ ಎದುರಿಗಿದ್ದದ್ದು ಅವಳಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಹಾಗಾಗಿ ಕಣ್ಣಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ, ಅವಳಿಗೂ ಬರಲಿಲ್ಲ.

ಕೊನೆಗೆ ಅವಳು ತಲೆನೋವು ತಡೆಯಲಾರದಾದಾಗ ಅತ್ತೆಯೂ ಸೇರಿ ಮೂವರೂ ದೊಡ್ಡ ಆಸ್ಪತ್ರೆಗೆ ಹೋದರು. ಅಲ್ಲಿನ ಡಾಕ್ಟರಮ್ಮ ರಕ್ತದ ಪರೀಕ್ಷೆ ನೋಡಿ ಹುಬ್ಬು ಗಂಟಿಕ್ಕಿದರು, ತಲೆಯ ಸ್ಕ್ಯಾನ್ ಮಾಡಿಸಿದರು. ಮೂವರನ್ನೂ ಕೂರಿಸಿಕೊಂಡು, ಅವಸರವಿಲ್ಲದೆ ಹೇಳಿದರು.

"ಗಂಟಲಿನ ಗ್ರಂಥಿ ಆಳಿದ್ದ ಹಾಗೆ. ಅದರ ಯಜಮಾನ ಮೆದುಳಿನ ಕೆಳಗಿದ್ದಾನೆ. ಪಿಟ್ಯುಟರಿ ಅಂತಾರೆ, ಕಡಲೆಕಾಳಿನಷ್ಟು ಇರತ್ತೆ. ಕೆಲಸ ಮಾಡು ಅಂತ ಹಾರ್ಮೋನ್ ಕಳಿಸೋದು ಅದೇ. ಆಳು ಜಾಸ್ತಿ ದುಡಿದ್ರೆ ಯಜಮಾನ ಸುಮ್ಮನಾಗ್ಬೇಕು. ಇವರಲ್ಲಿ ಸುಮ್ಮನಾಗಿಲ್ಲ. ಅಲ್ಲೊಂದು ಗಡ್ಡೆ ಬೆಳೆದು ಹುಕುಂ ಮೇಲೆ ಹುಕುಂ ಹೊರಡಿಸ್ತಿದೆ."

"ಕಡಲೆಕಾಳಿಗೆ ಇಷ್ಟು ಜೋರಾ!" ಎಂದರು ಅತ್ತೆ.

"ಈಗ ಅದು ಕಡಲೆಕಾಳಾಗಿ ಉಳಿದಿಲ್ಲಮ್ಮ."

"ಹಾಗಾದ್ರೆ ಗಂಟಲು ಕೊಯ್ದಿದ್ದು?" ಅವನು ಕೇಳಿದ.

"ಯಜಮಾನನ್ನ ಬಿಟ್ಟು ಆಳಿಗೆ ಹೊಡೆದ ಹಾಗಾಯ್ತು. ಆದ್ರೆ ಇದು ತುಂಬಾ ಅಪರೂಪದ ಕಾಯಿಲೆ, ಮೊದಲಿನ ಡಾಕ್ಟರನ್ನ ಬೈಕೋಬೇಡಿ."

ಆಮೇಲೆ ಡಾಕ್ಟರಮ್ಮ ಕುರ್ಚಿಯನ್ನು ಸೂಜಿಮಲ್ಲಿಯ ಎದುರಿಗೆ ಎಳೆದುಕೊಂಡು ಕೂತರು. "ನನ್ನ ಮೂಗನ್ನೇ ನೋಡ್ತಿರಿ. ಬೆರಳು ಕಂಡ ತಕ್ಷಣ ಹೇಳಿ" ಎಂದು ಎರಡೂ ತೋರುಬೆರಳುಗಳನ್ನು ಅವಳ ಕಿವಿಗಳ ಕಡೆಯಿಂದ ನಿಧಾನವಾಗಿ ಮುಂದೆ ತಂದರು. ಬೆರಳು ಕಿವಿ ದಾಟಿತು, ಕೆನ್ನೆ ದಾಟಿತು. ಅವಳು ಮೂಗನ್ನೇ ನೋಡುತ್ತಿದ್ದಳು. ಅತ್ತೆ ತಡೆಯಲಾರದೆ, "ಹೇಳೇ, ಕಾಣ್ತಿದೆಯಲ್ಲ!" ಎಂದರು.

"ಎಲ್ಲಿ ಅತ್ತೆ? ಇನ್ನೂ ಬೆರಳೇ ಎತ್ತಿಲ್ಲವಲ್ಲ ಇವರು."

ಬೆರಳುಗಳು ಹೆಚ್ಚುಕಡಿಮೆ ಡಾಕ್ಟರಮ್ಮನ ಮುಖದ ಅಂಚಿಗೆ ಬಂದ ಮೇಲೆ ಅವಳು, "ಹಾಂ, ಈಗ" ಎಂದಳು. ಗಡ್ಡೆ ಮೇಲಕ್ಕೆ ಬೆಳೆದು ಕಣ್ಣಿನ ನರವನ್ನು ಅದುಮಿತ್ತು. ಎರಡೂ ಪಕ್ಕದ ನೋಟ ಹೋಗಿತ್ತು.

"ಎಷ್ಟು ದಿನದಿಂದ ಹೀಗೆ?" ಡಾಕ್ಟರಮ್ಮ ಕೇಳಿದರು. "ಎಡವೋದು, ಡಿಕ್ಕಿ ಹೊಡೆಯೋದು ಏನೂ ಇರಲಿಲ್ವಾ? ಸಾಮಾನ್ಯವಾಗಿ ಅದರಿಂದಲೇ ಗೊತ್ತಾಗತ್ತೆ."

ಅವನು ತನ್ನ ಕೈಗಳನ್ನೇ ನೋಡಿಕೊಂಡ. "ಎಡವೋಕೆ ನಾನು ಬಿಡ್ಲಿಲ್ಲ ಮೇಡಂ" ಎಂದ.

ಡಾಕ್ಟರಮ್ಮನಿಗೆ ಅರ್ಥವಾಗಿರಬೇಕು. ಬರೆಯುತ್ತಿದ್ದದ್ದನ್ನು ನಿಲ್ಲಿಸಿ, ಮೇಜಿನ ಮೇಲಿದ್ದ ತಮ್ಮ ನೀರಿನ ಬಾಟಲಿಯನ್ನು ಅವನ ಕಡೆಗೆ ಸರಿಸಿದರು.

ಹೊರಗೆ ಬೆಂಚಿನ ಮೇಲೆ ಅವಳು ಇಡೀ ಮೈ ತಿರುಗಿಸಿ ಅವನ ಮುಖ ನೋಡಿದಳು. "ನೀವು ಪಕ್ಕದಲ್ಲಿ ಕೂರ್ತಾನೇ ಇದ್ರಾ?"

"ದಿನಾ ಕೂರ್ತಿದ್ದೆ. ನೀನೇ ನೋಡ್ತಿರಲಿಲ್ಲ. ಕೋಪ ಅಂದ್ಕೊಂಡೆ."

"ನೀವೇ ಬಿಟ್ಟುಬಿಟ್ರಿ ಅಂದ್ಕೊಂಡೆ ನಾನು. ಎದುರಿಗೆ ಬಂದು ಸಾಮಾನು ಇಟ್ಟು ಹೋಗೋರು. ಗಿರಾಕಿಗೆ ಕೊಟ್ಟ ಹಾಗೆ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಷ್ಟು ಬೈದೆ ರೀ ನಿಮ್ಮನ್ನ, ಮನಸ್ಸಲ್ಲೇ."

"ಕೇಳಿಸ್ತಿತ್ತು" ಎಂದ ಅವನು. ಅವಳು ಅಳುತ್ತಲೇ ನಕ್ಕಳು.

ಆಪರೇಷನ್‌ಗೆ ಮೊದಲು ಹಾರ್ಮೋನ್ ಹಿಡಿತಕ್ಕೆ ಬರಲೆಂದು ಇಂಜೆಕ್ಷನ್ ಕೊಟ್ಟರು. ಕೈ ನಡುಕ ನಿಂತಿತು, ಎದೆ ತಣ್ಣಗಾಯಿತು. ಆಮೇಲೆ ಮೂಗಿನ ಒಳದಾರಿಯಿಂದ ಹೋಗಿ ಗಡ್ಡೆಯನ್ನು ತೆಗೆದರು. ಪೂರ್ತಿ ಬರಲಿಲ್ಲ. ಒಂದು ಚೂರು ದೊಡ್ಡ ರಕ್ತನಾಳವನ್ನು ತಬ್ಬಿಕೊಂಡಿತ್ತು, ಕೀಳಲು ಹೋದರೆ ಜೀವಕ್ಕೇ ಸಂಚಕಾರ. ಅದು ಬೆಳೆಯದಿರಲಿ ಎಂದು ತಿಂಗಳಿಗೊಮ್ಮೆ ಇಂಜೆಕ್ಷನ್ ಮುಂದುವರಿಯಿತು. ನೋಟದ ಬಗ್ಗೆ ಡಾಕ್ಟರಮ್ಮ ಮುಚ್ಚಿಡಲಿಲ್ಲ. "ನರ ಬಹಳ ಕಾಲ ಅದುಮಿಸ್ಕೊಂಡಿತ್ತು. ಹೋದದ್ದು ಬರೋದು ಕಷ್ಟ. ಇದ್ದದ್ದನ್ನ ಉಳಿಸ್ಕೊಳ್ಳೋಣ. ಏನೇ ಬದಲಾದ್ರೂ ತಕ್ಷಣ ನನಗೆ ಹೇಳಿ. ಸಹಿಸ್ಕೊಂಡು ಕೂರಬೇಡಿ."

ಅವನು ಮತ್ತೆ ಪಕ್ಕದಲ್ಲಿ ಕೂರತೊಡಗಿದ. ಅವಳು ಅತ್ತ ನೋಡದೆಯೇ ಮಾತಾಡುವುದನ್ನು ಮತ್ತೆ ಕಲಿತಳು. ಕಾಣದಿದ್ದರೂ ಅವನು ಅಲ್ಲಿದ್ದಾನೆ ಎಂದು ನಂಬುವುದು ಮೊದಮೊದಲು ಅವಳಿಗೆ ಕಷ್ಟವಾಗುತ್ತಿತ್ತು. ಆಮೇಲೆ ಅದೇ ಅಭ್ಯಾಸವಾಯಿತು.

ಚಳಿಗಾಲದ ಒಂದು ಬೆಳಗ್ಗೆ ಮೂವರೂ ಇಂಜೆಕ್ಷನ್‌ಗೆ ಹೋಗಿ ಬೆಂಚಿನ ಮೇಲೆ ಕೂತಿದ್ದರು. ಔಷಧಿ ಅಂಗಡಿಯ ಮುಂದೆ ಸಾಲು ಇತ್ತು. ಸೂಜಿಮಲ್ಲಿಯ ಪಕ್ಕದಲ್ಲಿದ್ದ ಅವನು ಹೇಳದೆಯೇ ಎದ್ದು ಹೋದ. ಅತ್ತೆಗೆ ಮಂಡಿನೋವು. ನೀರು ಕುಡಿದು ಬರುತ್ತೇನೆಂದು ಸೊಸೆಗೆ ಹೇಳಿ ಹೋಗಿದ್ದ ಅವರು ಗೋಡೆಗೆ ಒರಗಲೆಂದು ಸದ್ದಿಲ್ಲದೆ ಬಂದು ಮಗನ ಜಾಗದಲ್ಲಿ ಕೂತರು.

ಸೂಜಿಮಲ್ಲಿ ಎದುರಿನ ಗೋಡೆ ನೋಡುತ್ತಲೇ ಮೆಲ್ಲಗೆ ಹೇಳಿದಳು: "ರೀ, ಅತ್ತೆಗೆ ಗೊತ್ತಾಗೋದು ಬೇಡ. ಪಾಪ, ಊಟ ಬಿಡ್ತಾರೆ. ಹೋದ ತಿಂಗಳವರೆಗೆ ನಿಮ್ಮ ಮುಖ ಪೂರ್ತಿ ಕಾಣ್ತಿತ್ತು. ಈಗ ಕಣ್ಣು ನೋಡ್ತಿದ್ರೆ ಕಿವಿ ಕಾಣಲ್ಲ. ಗಲ್ಲ ನೋಡಿದ್ರೆ ಮೀಸೆಯ ತುದಿ ಇಲ್ಲ. ಡಾಕ್ಟರಿಗೂ ಹೇಳೋದು ಬೇಡ ಅಂತ ಅನ್ನಿಸ್ತಿದೆ. ಮತ್ತೆ ತಲೆಗೆ ಕೈ ಹಾಕ್ತಾರೆ. ಇನ್ನೊಂದ್ಸಲ ನನ್ನಿಂದ ಆಗಲ್ಲ ರೀ."

ಅತ್ತೆ ಉಸಿರು ಬಿಗಿ ಹಿಡಿದು ಕೂತರು. ಕೆಮ್ಮು ಬಂತು, ಸೆರಗು ಬಾಯಿಗೊತ್ತಿ ನುಂಗಿಕೊಂಡರು. ಬೆಂಚು ಅಲುಗಿದಂತಾಗಿ ಸೂಜಿಮಲ್ಲಿ, "ಏನಾದ್ರೂ ಹೇಳಿ" ಎಂದಳು.

ಆಗಲೇ ಅವನು ಔಷಧಿಯ ಡಬ್ಬಿ ಹಿಡಿದು ಎದುರಿಗೆ ಬಂದು ನಿಂತ. "ಯಾರ ಹತ್ರ ಮಾತಾಡ್ತಿದೀಯ?"

ಅವಳ ಮುಖದ ಬಣ್ಣ ಇಳಿಯಿತು. ನಿಧಾನವಾಗಿ ಮೈ ಪೂರ್ತಿ ತಿರುಗಿಸಿ ನೋಡಿದಳು.

ಅತ್ತೆ ಸೆರಗು ಸರಿಮಾಡಿಕೊಂಡರು. ಬೀದಿಯಾಚೆಯ ಮನೆಯ ಪಿಸುಮಾತು ಕೂಡ ಅವರಿಗೆ ಕೇಳಿಸುತ್ತದೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ.

"ನಂಗೇನೂ ಕೇಳಿಸ್ಲಿಲ್ಲಮ್ಮ. ವಯಸ್ಸಾಯ್ತು, ಕಿವಿ ಮಂದ" ಎಂದರು. ಆಮೇಲೆ ಸೊಸೆಯ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ತೆಗೆದುಕೊಂಡು, ಅವಳಿಗೆ ಕಾಣುವಂತೆ ಎದುರಿಗೆ ಹಿಡಿದರು. "ಆದ್ರೆ ಡಾಕ್ಟರಮ್ಮನ ಕಿವಿ ಚೆನ್ನಾಗಿದೆ ಮಗಳೇ. ಎದ್ದೇಳು. ಮೂರು ಜನಾನೂ ಹೋಗಿ ಹೇಳೋಣ."